ಕಿವಿಗೆ ಹಿಡಿದ ಹಾಳೆ

ಮೊನ್ನೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮಗಳ ಮದುವೆಗೆ ಕರೆಯಲು ಶಿವಮೊಗ್ಗದ ನಮ್ಮ ಮನೆಗೆ ಬಂದಿದ್ದಳು. ಕುಂಕುಮ ಕೊಟ್ಟು, ಕಾಲಿಗೆ ನಮಸ್ಕಾರ ಮಾಡಿ, ಕೈಗೆ ಲಗ್ನಪತ್ರಿಕೆ ಇಟ್ಟಳು. ಇಂಥ ಹೊತ್ತಿನಲ್ಲಿ ಮರ್ಯಾದಸ್ಥರು ಹುಡುಗನ ಹೆಸರು ಓದಿ, ಎಲ್ಲಿಯವನು, ಏನು ಮಾಡಿಕೊಂಡಿದ್ದಾನೆ ಎಂದು ಕೇಳುತ್ತಾರೆ. ನಾನು ಪತ್ರಿಕೆಯ ಒಂದು ಮೂಲೆ ಹಿಡಿದು, ಕಿವಿಯ ಹತ್ತಿರ ತಂದು, ಎರಡು ಸಲ ಅಲ್ಲಾಡಿಸಿದೆ.

"ಯಾಕೆ ಮೇಡಂ, ಒಳಗೆ ಏನಾದ್ರೂ ಇಟ್ಟಿದೀನಿ ಅಂತ ನೋಡ್ತಿದೀರಾ?" ಎಂದು ಅವಳು ನಕ್ಕಳು. ನಾನೂ ನಕ್ಕೆ. ಅರವತ್ತು ದಾಟಿದ, ನಿವೃತ್ತಳಾದ ಅರ್ಥಶಾಸ್ತ್ರದ ಮೇಷ್ಟ್ರು ಲಗ್ನಪತ್ರಿಕೆಯನ್ನು ಮೊಬೈಲಿನ ಹಾಗೆ ಕಿವಿಗೆ ಹಿಡಿದರೆ ಯಾರಿಗಾದರೂ ನಗು ಬರಲೇಬೇಕು. ಇದು ನನ್ನ ಚಿಕ್ಕಪ್ಪನಿಂದ ಅಂಟಿದ ಚಟ ಎಂದು ಹೇಳಹೊರಟೆ. ಆದರೆ ಅವಳು ಇನ್ನೂ ಇಪ್ಪತ್ತು ಮನೆ ಕರೆಯಬೇಕಿತ್ತು. ಅವಳಿಗೆ ಹೇಳದೆ ಉಳಿದದ್ದನ್ನು ನಿಮಗೆ ಹೇಳುತ್ತೇನೆ, ನಿಮಗೆ ಪುರುಸೊತ್ತಿದ್ದರೆ.

ನಮ್ಮ ಚಿಕ್ಕಪ್ಪ ಭದ್ರಾವತಿಯ ಕಾಗದನಗರದಲ್ಲಿ ಕಾಗದದ ಕಾರ್ಖಾನೆಗೆ ಹೋಗುತ್ತಿದ್ದವರು. ನಮ್ಮಪ್ಪ ಅದೇ ಊರಿನ ನ್ಯೂ ಟೌನಿನಲ್ಲಿ ಉಕ್ಕಿನ ಕಾರ್ಖಾನೆಯಲ್ಲಿದ್ದರು. ಹಬ್ಬಕ್ಕೆ ಅಣ್ಣತಮ್ಮಂದಿರು ಸೇರಿದರೆ ಊಟದ ಎಲೆಯ ಮುಂದೆಯೇ ಯಾವುದು ದೊಡ್ಡದು ಎಂಬ ವಾದ ಶುರುವಾಗುತ್ತಿತ್ತು. ಸೇತುವೆ ಕಟ್ಟಲು ಕಬ್ಬಿಣ ಬೇಕು, ನಿನ್ನ ಕಾಗದದಲ್ಲಿ ಬೋಂಡ ಕಟ್ಟಬಹುದು ಅಷ್ಟೆ ಎಂದು ಅಪ್ಪ ಹೇಳಿದರೆ, "ಆ ಸೇತುವೆ ನಕ್ಷೆ ಬರ್ದಿದ್ದು ಯಾತರ ಮೇಲೆ ಮಾರಾಯ? ನಿನ್ನ ತಗಡಿನ ಮೇಲಾ?" ಎಂದು ಚಿಕ್ಕಪ್ಪ ಪಾಯಸ ಸೊರ್ರೆಂದು ಹೀರುತ್ತ ಕೇಳುತ್ತಿದ್ದರು. ಮಕ್ಕಳಾದ ನಾವು ಯಾರು ಗೆದ್ದರೂ ಚಪ್ಪಾಳೆ ಹೊಡೆಯುತ್ತಿದ್ದೆವು.

ಚಿಕ್ಕಪ್ಪನ ಕೆಲಸ ತಯಾರಾದ ಕಾಗದವನ್ನು ಪರೀಕ್ಷಿಸಿ ಹೊರಗೆ ಬಿಡುವುದು. ಅದಕ್ಕೆ ಕಾರ್ಖಾನೆಯಲ್ಲಿ ಯಂತ್ರಗಳಿದ್ದವು. ಹಾಳೆಯನ್ನು ಎಳೆಯುವುದು, ತೂಗುವುದು, ಒತ್ತಿ ತೂತು ಮಾಡುವುದು ಎಲ್ಲ ಅವುಗಳ ಕೆಲಸ. ಆದರೆ ಯಂತ್ರಕ್ಕೆ ಕೊಡುವ ಮೊದಲು ಚಿಕ್ಕಪ್ಪ ಹಾಳೆಯ ಮೂಲೆ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. ಒಳ್ಳೆಯ ಕಾಗದ ಗರಿಗರಿಯಾಗಿ ಸದ್ದು ಮಾಡುತ್ತದೆ, ಕೆಟ್ಟದ್ದು ಒದ್ದೆ ಬಟ್ಟೆಯ ಹಾಗೆ ಸುಮ್ಮನಿರುತ್ತದೆ. ಆಮೇಲೆ ಬೆಳಕಿಗೆ ಹಿಡಿದು ನೋಡುವರು. ಮೋಡ ಕಂಡರೆ ನಾರು ಸರಿಯಾಗಿ ಹರಡಿಲ್ಲ ಎಂದರ್ಥ. ಆಮೇಲೆ ಹರಿಯುವರು. ನಿಮ್ಮ ಕೈಯಲ್ಲಿ ಇವತ್ತಿನ ಪೇಪರ್ ಇದ್ದರೆ ನೀವೂ ಹರಿದು ನೋಡಿ: ಒಂದು ಕಡೆಯಿಂದ ಹರಿದರೆ ಗೆರೆ ಎಳೆದ ಹಾಗೆ ನೇರ ಹೋಗುತ್ತದೆ, ಇನ್ನೊಂದು ಕಡೆಯಿಂದ ಹರಿದರೆ ಸೊಟ್ಟಸೊಟ್ಟ. ನಾರು ಯಾವ ದಿಕ್ಕಿಗೆ ಮಲಗಿದೆ ಎಂದು ಹಾಗೆ ಗೊತ್ತಾಗುತ್ತದೆ. ಎಲ್ಲ ಸರಿ ಎನಿಸಿದರೆ ಒಂದು ಚೀಟಿಯಲ್ಲಿ 'ನೋಡಿದವರು' ಎಂದು ಅಚ್ಚಾದ ಜಾಗದಲ್ಲಿ ಸಹಿ ಹಾಕುವರು. ಆ ಚೀಟಿಯಿಲ್ಲದೆ ಯಾವ ಕಾಗದವೂ ಹೊರಗೆ ಹೋಗುತ್ತಿರಲಿಲ್ಲ.

ಈ ಪರೀಕ್ಷೆ ಕಾರ್ಖಾನೆಯ ಗೇಟಿನಲ್ಲಿ ನಿಲ್ಲುತ್ತಿರಲಿಲ್ಲ ಎಂಬುದೇ ಮನೆಯವರ ಗೋಳು. ನನ್ನ ಮಾರ್ಕ್ಸ್ ಕಾರ್ಡ್ ತೋರಿಸಿದರೆ ಅಂಕ ನೋಡುವ ಮೊದಲು ಅದನ್ನು ಅಲ್ಲಾಡಿಸಿದ್ದರು. ನನ್ನನ್ನು ನೋಡಲು ಬಂದ ಒಂದು ಕಡೆಯವರ ಜಾತಕವನ್ನು ಹರಿದು ದಿಕ್ಕು ನೋಡಲು ಹೊರಟು ನಮ್ಮಜ್ಜಿಯಿಂದ ಬೈಸಿಕೊಂಡಿದ್ದರು. ಆ ಸಂಬಂಧ ಕೂಡಿಬರಲಿಲ್ಲ. ಜಾತಕದ ಕಾಗದ ತೀರಾ ಮೆತ್ತಗಿತ್ತು, ಆಗಲೇ ಗೊತ್ತಾಗಿತ್ತು ಎಂದು ಚಿಕ್ಕಪ್ಪ ಈಗಲೂ ಹೇಳುತ್ತಾರೆ.

ಕಾಗದನಗರಕ್ಕೆ ಆಗ ಒಂದು ವಾಸನೆಯಿತ್ತು. ಕೋಸು ಬೇಯಿಸಿ ಮರೆತುಬಿಟ್ಟಂಥ ವಾಸನೆ. ಹೊರಗಿನಿಂದ ಬಂದವರು ಬಸ್ಸಿಳಿಯುತ್ತಲೇ ಮೂಗಿಗೆ ಕರ್ಚೀಫು ಹಿಡಿಯುತ್ತಿದ್ದರು. ನಾನೂ ಒಮ್ಮೆ ಹಾಗೆ ಮಾಡಿ ಚಿಕ್ಕಮ್ಮನ ಕೈಗೆ ಸಿಕ್ಕಿಬಿದ್ದೆ. "ವಾಸನೆ ಬರ್ತಿದೆ ಅಂದ್ರೆ ಮಶೀನ್ ಓಡ್ತಿದೆ ಅಂತ ಕಣೇ. ಬರದೇ ಇದ್ದ ದಿನ ನಾವು ಹೆದರ್ಕೋಬೇಕು," ಎಂದರು ಅವರು. ಅವರ ಆಚೆ ಮನೆಯವರು ತಮಿಳಿನವರು, ಈಚೆ ಮನೆಯವರು ತೆಲುಗಿನವರು. ಮೂರು ಭಾಷೆಯಲ್ಲೂ ಆ ವಾಸನೆಗೆ ಬೈಗುಳವಿರಲಿಲ್ಲ.

ಇಷ್ಟು ಹತ್ತಿರದಲ್ಲಿ ಎರಡೆರಡು ಕಾರ್ಖಾನೆ ನೋಡಿಕೊಂಡು ಬೆಳೆದವಳು ನಾನು ಮಾಡಿದ್ದೇನು? ಶಿವಮೊಗ್ಗದ ಕಾಲೇಜೊಂದರಲ್ಲಿ ಮೂವತ್ತು ವರ್ಷ ಅರ್ಥಶಾಸ್ತ್ರ ಹೇಳಿದೆ. ದೇಶವೊಂದು ದೀರ್ಘಕಾಲದಲ್ಲಿ ಬೆಳೆಯುವುದು ಯಾವುದರಿಂದ ಎಂಬ ಪಾಠ ಪ್ರತಿವರ್ಷ ಬರುತ್ತಿತ್ತು. ಸಂಸ್ಥೆಗಳು, ಮಾರುಕಟ್ಟೆ, ಜಾಗತೀಕರಣ ಎಂದು ಹಳೆಯ ನೋಟ್ಸ್ ನೋಡಿ ತಲೆಯೆತ್ತದೆ ಬರೆಸುತ್ತಿದ್ದೆ. ಒಮ್ಮೆ ಹಿಂದಿನ ಬೆಂಚಿನಿಂದ ಹುಡುಗಿಯೊಬ್ಬಳು, "ಮೇಡಂ, ಸಂಸ್ಥೆ ಅಂದ್ರೆ ಬಿಲ್ಡಿಂಗಾ?" ಎಂದು ಕೇಳಿದಳು. ಕಟ್ಟಡವಲ್ಲ, ಜನ ಒಪ್ಪಿಕೊಂಡು ನಡೆಸುವ ನಿಯಮ, ರೂಢಿ, ನಂಬಿಕೆ ಎಂದು ನೋಟ್ಸಿನಲ್ಲಿದ್ದಂತೆ ಹೇಳಿದೆ. ಅವಳು ಬರೆದುಕೊಂಡಳು. ಉದಾಹರಣೆ ಕೇಳಿದ್ದರೆ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಪುಣ್ಯಕ್ಕೆ ಗಂಟೆ ಹೊಡೆಯಿತು.

ನಮ್ಮ ಮನೆಯವರು, ಅಂದರೆ ನನ್ನ ಗಂಡ, ಶಿವಮೊಗ್ಗ-ಭದ್ರಾವತಿ ದಾರಿಯ ಮಾಚೇನಹಳ್ಳಿಯಲ್ಲಿ ನೋಟ್‌ಬುಕ್ ಮಾಡುವ ಸಣ್ಣದೊಂದು ಘಟಕ ಇಟ್ಟಾಗ ಚಿಕ್ಕಪ್ಪ ಆಗಷ್ಟೇ ನಿವೃತ್ತರಾಗಿ, ಕಾಗದನಗರದ ಪಕ್ಕದ ಬಡಾವಣೆಯಲ್ಲಿ ಮನೆ ಮಾಡಿದ್ದರು. ಘಟಕವೆಂದರೆ ಒಂದು ಶೆಡ್ಡು, ಗೆರೆ ಹಾಕುವ ಮಶೀನು, ಕತ್ತರಿಸುವ ಮಶೀನು, ಪಿನ್ ಹೊಡೆಯುವ ಇಬ್ಬರು ಹೆಂಗಸರು. ಅವರಲ್ಲಿ ಹಿರಿಯಳು ಭದ್ರಾವತಿಯ ಸೆಲ್ವಿ. ಕಾಗದ ಎಲ್ಲಿಂದ ತರುವುದು ಎಂಬ ಪ್ರಶ್ನೆಯೇ ನಮ್ಮಲ್ಲಿ ಏಳಲಿಲ್ಲ. ಆರು ಮೈಲಿ ಆಚೆ ಕಾರ್ಖಾನೆಯಿದೆ, ಮನೆಯಲ್ಲೇ ಅದರ ಮನುಷ್ಯರಿದ್ದಾರೆ.

ಕೆಲವು ವರ್ಷ ಹಾಗೇ ನಡೆಯಿತು. ಆಮೇಲೆ ಸಮುದ್ರದಾಚೆಯ ಕಾಗದ ಮಂಗಳೂರಿಗೆ ಹಡಗಿನಲ್ಲಿ ಬಂದಿಳಿದು ನಮ್ಮ ಕಡೆಯೂ ಸಿಗತೊಡಗಿತು. ಬೆಲೆ ಕಡಿಮೆ, ನೋಡಲು ಬಿಳುಪು. ಒಂದು ಸ್ಯಾಂಪಲ್ ತಂದ ನಮ್ಮ ಮನೆಯವರು ಎರಡು ದಿನ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಚಿಕ್ಕಪ್ಪನಿಗೆ ಹೇಗೆ ಹೇಳುವುದು ಎಂದು ಅವರ ಸಂಕಟ. ಆಗ ನನ್ನೊಳಗಿನ ಮೇಷ್ಟ್ರು ಎದ್ದು ಕೂತಳು. ಎರಡು ಹಾಳೆಯನ್ನೂ ಒಂದೇ ಅಳತೆಗೆ ಕತ್ತರಿಸಿ, ಯಾವುದು ಎಲ್ಲಿಯದು ಎಂದು ಹೇಳದೆ ಚಿಕ್ಕಪ್ಪನ ಕೈಗೇ ಕೊಡೋಣ, ಅವರೇ ಪರೀಕ್ಷೆ ಮಾಡಲಿ ಎಂದೆ. ಅವರು ತಮ್ಮ ಕಾಗದವನ್ನು ಗುರುತು ಹಿಡಿಯುತ್ತಾರೆ, ಅದೇ ಒಳ್ಳೆಯದೆಂದು ತೋರಿಸಿಕೊಡುತ್ತಾರೆ, ಮನೆಯವರ ಬಾಯಿ ಮುಚ್ಚುತ್ತದೆ. ಇದು ನನ್ನ ಲೆಕ್ಕಾಚಾರ. ವಿದೇಶದ ಹಾಳೆಯ ಮೂಲೆಯಲ್ಲಿ ಪೆನ್ಸಿಲಿನಿಂದ ಕಂಡೂ ಕಾಣದ ಹಾಗೆ ಒಂದು ಚುಕ್ಕಿ ಇಟ್ಟೆ.

ಭಾನುವಾರ ಚಿಕ್ಕಪ್ಪ ಬಂದರು. ಕಾಫಿ ಕುಡಿದು, ಕೈ ಒರೆಸಿಕೊಂಡು, ಎರಡು ಹಾಳೆಯನ್ನೂ ಒಂದೊಂದಾಗಿ ಕಿವಿಗೆ ಹಿಡಿದರು. ಬೆಳಕಿಗೆ ಹಿಡಿದರು. ಹರಿದರು. ಅವರ ಮುಖ ಅರಳಿತು.

"ಇದು ನಮ್ದು," ಎಂದು ಒಂದು ಹಾಳೆ ಎತ್ತಿದರು. "ಕಣ್ಣು ಕಟ್ಟಿ ಕೊಟ್ರೂ ಹೇಳ್ತೀನಿ. ಕೇಳು ಈ ಸದ್ದು." ಇನ್ನೊಂದನ್ನು ಎರಡು ಬೆರಳಲ್ಲಿ ಹಿಡಿದು, "ಇದು ಹೊರಗಿಂದು. ಇಂಥದ್ದನ್ನ ಹಡಗಲ್ಲಿ ಹಾಕ್ಕೊಂಡು ಬರ್ತಾರಲ್ಲ, ಪಾಪ!" ಎಂದರು.

ಅವರು ಎತ್ತಿ ಹಿಡಿದಿದ್ದ ಹಾಳೆಯ ಮೂಲೆಯಲ್ಲಿ ನನ್ನ ಪೆನ್ಸಿಲಿನ ಚುಕ್ಕಿಯಿತ್ತು.

ನಮ್ಮ ಮನೆಯವರು ಬಾಯಿ ತೆರೆದರು. ನಾನು ಬೇಡವೆಂದು ತಲೆಯಾಡಿಸಿದೆ. "ಹೌದು ಚಿಕ್ಕಪ್ಪ, ಸರಿಯಾಗಿ ಹೇಳಿದ್ರಿ," ಎಂದೆ. ಇನ್ನೊಂದು ಲೋಟ ಕಾಫಿಯನ್ನೂ ಕೊಟ್ಟೆ. ಪ್ರೀತಿಯಿಂದಲೇ ಸುಳ್ಳು ಹೇಳಿದೆ, ಅದರಲ್ಲಿ ನನಗೆ ಅನುಮಾನವಿರಲಿಲ್ಲ. ಇಡೀ ಬದುಕು ಒಂದು ಸದ್ದನ್ನು ಕೇಳಿಸಿಕೊಂಡು ಬಂದವರಿಗೆ ನಿಮ್ಮ ಕಿವಿ ನಿಮ್ಮದನ್ನೇ ಗುರುತು ಹಿಡಿಯಲಿಲ್ಲ ಎಂದು ಹೇಳಲು ನಾಲಗೆ ಏಳಲಿಲ್ಲ.

ಪರೀಕ್ಷೆಯ ಫಲಿತಾಂಶದಂತೆ ನಾವು ಹೊರಗಿನ ಕಾಗದ ತರಿಸತೊಡಗಿದೆವು. ಚಿಕ್ಕಪ್ಪನ ಲೆಕ್ಕದಲ್ಲಿ ಅದು ಅವರ ಕಾರ್ಖಾನೆಯದು. ಅವರಿಗೆ ಗುರುವಾರ ಗುರುವಾರ ಮಾಚೇನಹಳ್ಳಿಗೆ ಬರುವ ಅಭ್ಯಾಸವಾಯಿತು. ಕಾಗದ ಸುತ್ತಿದ ದೊಡ್ಡ ದೊಡ್ಡ ರೀಲುಗಳನ್ನು ದನದ ಬೆನ್ನು ಸವರುವ ಹಾಗೆ ಸವರಿ, ಸೆಲ್ವಿಯ ಹತ್ತಿರ ನಾಲ್ಕು ಮಾತಾಡಿ ಹೋಗುವರು. ಅವರು ಬರುವ ಮೊದಲು ರೀಲಿನ ಮೇಲಿನ ಪರದೇಶದ ಅಕ್ಷರದ ಲೇಬಲ್ಲುಗಳನ್ನು ಕಿತ್ತು ಮುಚ್ಚಿಡುವುದು ನಮ್ಮ ಗುರುವಾರದ ಕೆಲಸ. ಬಾಗಿಲಲ್ಲಿ ಕಾವಲು ನಿಂತ ಸೆಲ್ವಿ, "ಅಮ್ಮಾ, ಅಯ್ಯ ಬಸ್ ಇಳಿದ್ರು!" ಎಂದು ಕೂಗಿದರೆ ನಾನು, ನಮ್ಮ ಮನೆಯವರು ಉಗುರಿನಿಂದ ಲೇಬಲ್ ಕೆರೆಯುತ್ತ ಓಡಾಡುತ್ತಿದ್ದೆವು. ಕಾಲೇಜಿನಲ್ಲಿ ಮುಕ್ತ ಮಾರುಕಟ್ಟೆಯ ಪಾಠ, ಶೆಡ್ಡಿನಲ್ಲಿ ಈ ಕಳ್ಳತನ. ನೆನೆದರೆ ಈಗ ನಗು ಬರುತ್ತದೆ, ಆಗಲೂ ಬರುತ್ತಿತ್ತು.

ಹೀಗಿರುವಾಗ ಕಾರ್ಖಾನೆ ನಿಂತಿತು. ಯಾಕೆ ನಿಂತಿತು ಎಂಬುದಕ್ಕೆ ಊರಿನಲ್ಲಿ ತಲೆಗೊಂದು ಕಾರಣವಿತ್ತು. ಕಾಗದನಗರದ ವಾಸನೆ ಹೋಯಿತು. ನಾನು ಹೋದಾಗ ಚಿಕ್ಕಮ್ಮ ಅಂಗಳದಲ್ಲಿ ನಿಂತು, "ಗಾಳಿ ಎಷ್ಟು ಚೆನ್ನಾಗಿದೆ ನೋಡು, ಒಂಚೂರೂ ವಾಸನೆ ಇಲ್ಲ," ಎಂದು ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಚಿಕ್ಕಪ್ಪ ಮಾತ್ರ ಗುರುವಾರ ತಪ್ಪಿಸಲಿಲ್ಲ. ನಮ್ಮ ರೀಲುಗಳನ್ನು ಮೊದಲಿಗಿಂತ ಹೆಚ್ಚು ಹೊತ್ತು ಸವರುತ್ತಿದ್ದರು.

ಮೂರು ತಿಂಗಳಾದ ಮೇಲೆ ಒಂದು ಗುರುವಾರ ಹೊಸ ಲಾರಿ ಇಳಿಯುತ್ತಿತ್ತು. ಅವರು ಒಂದು ಬಸ್ ಮುಂಚೆ ಬಂದುಬಿಟ್ಟರು. ಲೇಬಲ್ಲು ಕೀಳಲು ನಮಗೆ ಸಮಯ ಸಿಗಲಿಲ್ಲ. ಅವರು ಅದನ್ನು ಓದಲೂ ಇಲ್ಲ. ಸುಮ್ಮನೆ ನನ್ನ ಕಡೆ ತಿರುಗಿದರು.

"ಮಶೀನ್ ನಿಂತು ಮೂರು ತಿಂಗಳಾಯ್ತಲ್ಲೇ. ನಿಮ್ಮಲ್ಲಿ ಮಾತ್ರ ನಮ್ಮ ಪೇಪರ್ ಹೇಗೆ ಬರ್ತಾನೇ ಇದೆ?"

ಸೆಲ್ವಿ ಗೆರೆ ಹಾಕುವ ಮಶೀನನ್ನು ನಿಲ್ಲಿಸಿದಳು. ನಾನು ಎಲ್ಲ ಹೇಳಿದೆ, ಚುಕ್ಕಿಯ ವಿಷಯವನ್ನೂ. ಚಿಕ್ಕಪ್ಪ ಒಂದು ಹಾಳೆ ಎಳೆದು ಕಿವಿಗೆ ಹಿಡಿದು ಅಲ್ಲಾಡಿಸಿದರು. ಬಹಳ ಹೊತ್ತು ಕೇಳಿದರು. ಅದನ್ನು ರೀಲಿನ ಮೇಲೆ ಇಟ್ಟು, ಚಪ್ಪಲಿ ಹಾಕಿಕೊಂಡು ಬಸ್ ಸ್ಟಾಪಿಗೆ ಹೋದರು. ಕಾಫಿ ಕುಡಿಯದೆ ನಮ್ಮಲ್ಲಿಂದ ಅವರು ಹೋದದ್ದು ಅದೊಂದೇ ಸಲ.

ಒಂದು ತಿಂಗಳು ಬರಲಿಲ್ಲ. ಫೋನು ಮಾಡಿದರೆ ಚಿಕ್ಕಮ್ಮ ಎತ್ತುವರು, ಅವರು ಹಿತ್ತಲಲ್ಲಿದ್ದಾರೆ ಎನ್ನುವರು. ಅಷ್ಟು ಸಣ್ಣ ಹಿತ್ತಲಲ್ಲಿ ಅಷ್ಟು ಹೊತ್ತು ಮಾಡುವ ಕೆಲಸ ಏನಿರುತ್ತದೆ? ಅವರ ಮರ್ಯಾದೆ ಉಳಿಸಲು ಹೋಗಿ ಅದನ್ನೇ ಎಲ್ಲರೆದುರು ಕಳೆದಿದ್ದೆ.

ಐದನೆಯ ಗುರುವಾರ ಬಸ್ ಇಳಿದರು. ಸೀದಾ ಬಂದು ಸ್ಟೂಲಿನ ಮೇಲೆ ಕೂತರು.

"ಬೇಜಾರಾಯ್ತು ಮಾರಾಯ್ತಿ," ಎಂದರು. "ನನ್ನ ಕಿವಿ ತಪ್ಪಿತು ಅಂತ ಅಲ್ಲ. ಅದು ಒಳ್ಳೇದನ್ನ ಒಳ್ಳೇದು ಅಂತು, ಅದರ ಕೆಲ್ಸ ಅಷ್ಟೇ. ನೀನು ಆವತ್ತೇ ಹೇಳಿದ್ರೆ ನಾನು ಕಾರ್ಖಾನೆ ಒಳಗೆ ಹೋಗಿ ಕೂಗಾಡ್ತಿದ್ದೆ. ನೋಡ್ರೋ, ಹೊರಗಿಂದು ನಮಗಿಂತ ಚೆನ್ನಾಗಿದೆ, ನಾನೇ ಏಮಾರಿದೆ ಅಂತಿದ್ದೆ. ಆಗ ನನ್ನ ಮಾತು ಕೇಳೋರು ಇನ್ನೂ ನಾಲ್ಕು ಜನ ಇದ್ರು."

"ಅದ್ರಿಂದ ಕಾರ್ಖಾನೆ ಉಳೀತಿತ್ತಾ ಚಿಕ್ಕಪ್ಪ?"

"ಇಲ್ಲ ಅನ್ಸುತ್ತೆ. ಆದ್ರೆ ಕೆಟ್ಟಿದೆ ಅಂತ ಒಬ್ರೂ ಹೇಳದೇ ಇದ್ರೆ ಸರಿ ಹೋಗೋದು ಹೇಗೆ ಹೇಳು." ತಾವೇ ಮುಂದುವರಿಸಿದರು. "ನಿನ್ನ ಬೈಯೋಕೆ ನನಗೇನು ಹಕ್ಕು. ರಿಟೈರ್ ಆಗೋ ಮುಂಚೆ ನಾನೂ ಹಾಗೇ ಮಾಡಿದೀನಿ. ಯಾರೂ ಹೇಳಿರ್ಲಿಲ್ಲ, ನಾನಾಗೇ. ಸದ್ದು ಸ್ವಲ್ಪ ಮೆತ್ತಗಿದ್ರೂ, ಹೋಗ್ಲಿ, ಕೊಳ್ಳೋರು ಹೇಗೂ ಕೊಳ್ತಾರೆ, ನಾವು ಬಿಟ್ರೆ ಅವ್ರಿಗೆ ಇನ್ಯಾರಿದಾರೆ ಅಂತ ಸೈನ್ ಹಾಕ್ತಿದ್ದೆ. ಒಂದಿನ ಅವ್ರಿಗೆ ಇನ್ಯಾರೋ ಸಿಕ್ರು."

ಮೂವತ್ತು ವರ್ಷ ನಾನು ಬರೆಸಿದ ಪಾಠವನ್ನು ಅವರು ಸ್ಟೂಲಿನ ಮೇಲೆ ಕೂತು ಹೇಳಿ ಮುಗಿಸಿದ್ದರು. ಮಾರುಕಟ್ಟೆ ಸುದ್ದಿ ತರುತ್ತದೆ ಎಂದು ಮಕ್ಕಳಿಗೆ ಹೇಳುತ್ತಿದ್ದೆ. ನನ್ನ ಮನೆಯ ಬಾಗಿಲಿಗೇ ಬಂದ ಸುದ್ದಿಯನ್ನು ಕಾಫಿ ಕೊಟ್ಟು ಕಳಿಸಿದವಳೂ ನಾನೇ.

ಆವತ್ತು ಹೊಸ ರೀಲು ಬಿಚ್ಚುವಾಗ ಹೊದಿಕೆಯ ಒಳಗೆ ಅಂಗೈಯಗಲದ ಒಂದು ಚೀಟಿ ಸಿಕ್ಕಿತು. ನಮಗೆ ಬಾರದ ಅಕ್ಷರ, ಕೆಳಗೆ ಯಾರದೋ ಸಹಿ. ಅಂಥವನ್ನು ನಾವು ಎಷ್ಟೋ ಸಲ ಕಸಕ್ಕೆ ಹಾಕಿದ್ದೆವು. ಚಿಕ್ಕಪ್ಪ ಅದನ್ನು ಕಿಟಕಿಯ ಹತ್ತಿರ ಒಯ್ದು ನೋಡಿದರು.

"ಅಲ್ಲೂ ಒಬ್ಬ ಇದಾನೆ ನೋಡೇ," ಎಂದರು. "ಅವನೂ ಕಿವಿಗೆ ಹಿಡಿದೇ ಸೈನ್ ಹಾಕಿರ್ಬೇಕು."

ಅಂದಿನಿಂದ ಆ ಅಪರಿಚಿತನಿಗೆ ನಮ್ಮಲ್ಲಿ 'ಬೀಗರು' ಎಂದು ಹೆಸರಾಯಿತು. ಚಿಕ್ಕಪ್ಪ ನಮ್ಮ ಶೆಡ್ಡಿಗೂ 'ನೋಡಿದವರು' ಎಂಬ ಚೀಟಿ ಅಚ್ಚು ಹಾಕಿಸಿದರು. ಅವರ ಸಹಿಯಿಲ್ಲದೆ ಒಂದು ರೀಲೂ ಮಶೀನಿಗೆ ಏರುವಂತಿಲ್ಲ. "ಬೀಗರು ಈ ಸಲ ನಿದ್ದೆ ಮಾಡಿದಾರೆ, ವಾಪಸ್ ಕಳ್ಸಿ ಅಳಿಯಂದ್ರೆ," ಎನ್ನುವರು. ನಮ್ಮ ಮನೆಯವರು ತಲೆ ಚಚ್ಚಿಕೊಂಡರೂ ಕಳಿಸುವರು. ಕಾಗದವಷ್ಟೇ ಅಲ್ಲ, ಪಿನ್ನು ಸೊಟ್ಟವಾದರೆ ಸೆಲ್ವಿಗೂ ಬೈಗುಳ. ಅವಳು ತಮಿಳಿನಲ್ಲಿ ತಿರುಗಿ ಬೈದು ಮತ್ತೆ ಹೊಡೆಯುವಳು. ನಿಧಾನವಾಗಿ ದೂರದೂರಿನ ಶಾಲೆಗಳೂ ನಮ್ಮ ಪುಸ್ತಕವನ್ನೇ ಕೇಳತೊಡಗಿದವು. ಇಬ್ಬರಿದ್ದ ಹೆಂಗಸರು ಒಂಬತ್ತಾದರು. ಸಂಸ್ಥೆ ಎಂದರೆ ಕಟ್ಟಡವೇ ಎಂದು ಕೇಳಿದ ಆ ಹುಡುಗಿ ಈಗ ಎದುರು ಸಿಕ್ಕರೆ ನಮ್ಮ 'ನೋಡಿದವರು' ಚೀಟಿಯನ್ನು ತೋರಿಸುತ್ತೇನೆ.

ಈಗ ಚಿಕ್ಕಪ್ಪನಿಗೆ ಎಂಬತ್ತಮೂರು. ಬಸ್ಸಿನಲ್ಲಿ ಬರಲು ಆಗುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಕಿವಿ ಪೂರ್ತಿ ಹೋಗಿದೆ. ಕಿವಿಗೆ ಮಶೀನು ಹಾಕಿಕೊಂಡರೆ ಮಾತು ಅಷ್ಟಿಷ್ಟು ಕೇಳುತ್ತದೆಯಂತೆ, ಕಾಗದ ಕೇಳುವುದಿಲ್ಲವಂತೆ, ಅದಕ್ಕೇ ಹಾಕುವುದಿಲ್ಲ. ಹಾಳೆಗಳನ್ನು ನಾವೇ ಒಯ್ಯುತ್ತೇವೆ. ಬೆಳಕಿಗೆ ಹಿಡಿದು, ಹರಿದು, ಸಹಿ ಹಾಕುತ್ತಾರೆ.

ಲಗ್ನಪತ್ರಿಕೆ ಬಂದ ದಿನ ಸಂಜೆಯೇ ನಮ್ಮ ಮನೆಯವರು ಒಂದು ಹಾಳೆ, ಒಂದು ಚೀಟಿ ನನ್ನ ಕೈಗಿತ್ತರು. ಹೊಸಬರೊಬ್ಬರ ಕಾಗದ, ಬೆಲೆ ಬಹಳ ಕಡಿಮೆ, ಲಾರಿ ಆಗಲೇ ಬಂದು ನಿಂತಿದೆ. "ಒಂದು ಸೈನ್ ಹಾಕಿಸ್ಕೊಂಡು ಬಾ ಮಾರಾಯ್ತಿ. ನೋಡೋಕೆ ಚೆನ್ನಾಗೇ ಇದೆ. ಸದ್ದು ಅವ್ರಿಗೆ ಹೇಗೂ ಕೇಳ್ಸಲ್ಲ. ಮಕ್ಕಳ ನೋಟ್‌ಬುಕ್ ತಾನೇ," ಎಂದರು. ಅವರು ಕೆಟ್ಟವರಲ್ಲ, ಒಂಬತ್ತು ಜನರ ಕೆಲಸದ ಯೋಚನೆ ಅವರಿಗೆ. ನಾನು ಹಾಳೆಯನ್ನು ಅಲ್ಲಾಡಿಸದೆ ಬ್ಯಾಗಿನೊಳಗೆ ಹಾಕಿಕೊಂಡೆ. ಬೇಕೆಂದೇ ಅಲ್ಲಾಡಿಸಲಿಲ್ಲ.

ನಿನ್ನೆ ಬೆಳಿಗ್ಗೆ ಕಾಗದನಗರದ ಪಕ್ಕದ ಅವರ ಮನೆಗೆ ಹೋದೆ. ಗಾಳಿ ಈಗಲೂ ಬಹಳ ಚೆನ್ನಾಗಿದೆ. ಚಿಕ್ಕಪ್ಪ ಜಗಲಿಯಲ್ಲಿ ಕೂತಿದ್ದರು. ಹಾಳೆಯನ್ನು ಬೆಳಕಿಗೆ ಹಿಡಿದರು, ಸರಿ ಎಂದು ತಲೆಯಾಡಿಸಿದರು. ಹರಿದರು, ಪರವಾಗಿಲ್ಲ ಎಂದರು. ಪೆನ್ನಿನ ಮುಚ್ಚಳ ತೆಗೆದರು. ನನ್ನ ಎದೆ ಹಗುರವಾಗುವಷ್ಟರಲ್ಲಿ ಕೈ ತಡೆದು, ಹಳೆಯ ಅಭ್ಯಾಸದಂತೆ ಹಾಳೆಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದರು. ಏನೂ ಕೇಳಿಸದೆ ಪೆಚ್ಚಾಗಿ ನಕ್ಕರು. ಆಮೇಲೆ ಹಾಳೆಯನ್ನು ನನ್ನ ಕಡೆ ಚಾಚಿದರು.

"ನೀನು ಕೇಳು. ಈ ಸಲ ನಿಜ ಹೇಳು."

ಕೋಪವಿಲ್ಲದೆ, ನೀರು ಕೊಡು ಎನ್ನುವ ಹಾಗೆ ಹೇಳಿದರು. ನಾನು ಹಾಳೆ ಹಿಡಿದು ಅಲ್ಲಾಡಿಸಿದೆ. ಒದ್ದೆ ಬಟ್ಟೆ. "ಚೆನ್ನಾಗಿಲ್ಲ ಚಿಕ್ಕಪ್ಪ," ಎಂದು ಕೂಗಿದೆ. ಅವರಿಗೆ ಕೇಳಿಸಲಿಲ್ಲ. ಇನ್ನೂ ಜೋರಾಗಿ ಕೂಗಿದೆ, ಒಳಗಿನಿಂದ ಚಿಕ್ಕಮ್ಮ ಏನಾಯಿತೆಂದು ಓಡಿಬಂದರು. ಕೊನೆಗೆ ಅವರ ಶಾಯಿಪೆನ್ನನ್ನು ಕಿತ್ತುಕೊಂಡು ಆ ಹಾಳೆಯ ಮೇಲೆಯೇ ದಪ್ಪಕ್ಕೆ 'ಚೆನ್ನಾಗಿಲ್ಲ' ಎಂದು ಬರೆದೆ. ಬರೆಯುತ್ತಿದ್ದ ಹಾಗೆಯೇ ಶಾಯಿ ಹೀರಿ ಅಕ್ಷರಗಳೆಲ್ಲ ಊದಿಕೊಂಡವು. ಚಿಕ್ಕಪ್ಪ ಅದನ್ನು ಕಣ್ಣ ಹತ್ತಿರ ತಂದು ನೋಡಿದರು. ಅವರಿಗೆ ಹೊಟ್ಟೆ ಕುಣಿಯುವಷ್ಟು ನಗು ಬಂತು.

"ನಿನ್ನ ಸಾಕ್ಷಿ ಯಾಕೆ ಬೇಕು, ಪೇಪರೇ ಒಪ್ಕೊಂಡಿದೆಯಲ್ಲೇ!" ಎಂದರು. ಚೀಟಿಯನ್ನು ತಿರುಗಿಸಿ ನನ್ನ ಮುಂದಿಟ್ಟು, 'ನೋಡಿದವರು' ಎಂಬಲ್ಲಿ ಬೆರಳಿಟ್ಟರು. "ಇದ್ರಲ್ಲೂ 'ಚೆನ್ನಾಗಿಲ್ಲ' ಅಂತ ಬರ್ದು ಸೈನ್ ನಿಂದೇ ಹಾಕು. ಇನ್ಮೇಲೆ ನಿಂದೇ."

ವಾಪಸು ಬರುವಾಗ ಬಸ್ಸು ಮಾಚೇನಹಳ್ಳಿ ದಾಟುವ ಮೊದಲೇ ನಮ್ಮ ಮನೆಯವರ ಫೋನು ಬಂತು.

"ಸೈನ್ ಆಯ್ತಾ?"

"ಆಯ್ತು."

"ಅಬ್ಬ. ಲಾರಿ ಇಳಿಸ್ಲಾ?"

"ಸೈನ್ ಚಿಕ್ಕಪ್ಪಂದಲ್ಲ ರೀ, ನಂದು," ಎಂದೆ. "ಲಾರಿ ವಾಪಸ್ ಕಳ್ಸಿ."